ಮಗುಚದ ಹಾಲಿನ ಟ್ರಕ್

ಸಮರ್‌ಸೆಟ್ ಹತ್ತಿರ ಹೈವೇಯಲ್ಲಿ ಒಂದು ಸಿಗ್ನಲ್ ಇದೆ. ಅಲ್ಲಿ ಎಡಕ್ಕೆ ಹೋಗಬೇಕಾದವನು ಮೊದಲು ಬಲಕ್ಕೆ ತಿರುಗಬೇಕು. ಹೂಜಿಯ ಹಿಡಿಯ ಹಾಗೆ ರಸ್ತೆ ಬಲಕ್ಕೆ ಬಾಗಿ, ಸುತ್ತಿ ಬಂದು, ಹೈವೇಯನ್ನು ಅಡ್ಡ ದಾಟಿ ಎಡಕ್ಕೆ ಹೋಗುತ್ತದೆ. ನ್ಯೂಜೆರ್ಸಿಯವರು ಅದಕ್ಕೆ ಜಗ್‌ಹ್ಯಾಂಡಲ್ ಅನ್ನುತ್ತಾರೆ. ಹೊಸದಾಗಿ ಬಂದವರು ಮೊದಲು ನಗುತ್ತಾರೆ, ಆಮೇಲೆ ಬೈಯುತ್ತಾರೆ, ಕೊನೆಗೆ ಪ್ರಪಂಚವೆಲ್ಲ ಹೀಗೇ ಇರಬೇಕು ಅಂದುಕೊಳ್ಳುತ್ತಾರೆ. ಆ ತಿರುವಿನಲ್ಲಿ ನಾನು ಲೆಕ್ಕವಿಲ್ಲದಷ್ಟು ಸಲ ತಿರುಗಿದ್ದೇನೆ. ತಿರುಗಲೇಬೇಕಾಗಿದ್ದ ಒಂದು ಮಧ್ಯಾಹ್ನ ಮಾತ್ರ ತಿರುಗಲಿಲ್ಲ.

ಫುಟ್‌ಬಾಲಿನ ದೊಡ್ಡ ಕಪ್ ಯಾವ ದೇಶದಲ್ಲಿ ನಡೆಯಬೇಕು ಎಂದು ತೀರ್ಮಾನಿಸುವ ಮೊದಲು ಊರು, ಮೈದಾನ ನೋಡಲು ಬಂದಿದ್ದ ದೊಡ್ಡವರು ಅವತ್ತು ನನ್ನ ವ್ಯಾನಿನಲ್ಲಿದ್ದರು. ಆ ತಿರುವಿನಾಚೆಯ ಮೈದಾನದಲ್ಲಿ ನನ್ನ ಅಕ್ಕ ಲಲಿತ ತಾನು ಆಟ ಕಲಿಸುವ ಹುಡುಗಿಯರನ್ನು ಸಾಲಾಗಿ ನಿಲ್ಲಿಸಿಕೊಂಡು ಕಾಯುತ್ತಿದ್ದಳು. ಅವರನ್ನು ಕರೆತರುತ್ತೇನೆ ಎಂದು ಮಾತು ಕೊಟ್ಟವನು ನಾನೇ. ಕರೆದುಕೊಂಡು ಹೋಗಲಿಲ್ಲ. ಯಾಕೆ ಹೋಗಲಿಲ್ಲ ಅನ್ನುವುದಕ್ಕೆ ಅಕ್ಕನಿಗೆ ಒಂದು ಸುಳ್ಳು ಹೇಳಿದೆ. ಆಮೇಲೆ ವರ್ಷಗಟ್ಟಲೆ ಆ ಸುಳ್ಳನ್ನು ಅವಳ ಬಾಯಿಂದಲೇ ಕೇಳುತ್ತ ಕೂತೆ.

ಈಗ ಕೆಲಸ ಬಿಟ್ಟಿದ್ದೇನೆ. ಕಾರು ಓಡಿಸುವ ಕೆಲಸಕ್ಕೆ ಹೊಸದಾಗಿ ಸೇರಿದ ನಮ್ಮ ಹುಡುಗರು ಸಿಕ್ಕಾಗಲೆಲ್ಲ, "ಅಂಕಲ್, ನೀವು ಎಂತೆಂಥವರನ್ನೋ ಕೂರಿಸಿಕೊಂಡು ಹೋದವರು, ಸ್ವಲ್ಪ ಬರೀರಿ" ಅನ್ನುತ್ತಾರೆ. ಎಂಟನೇ ಕ್ಲಾಸಿನಲ್ಲಿ ಎರಡು ಸಲ ಕೂತವನು ನಾನು. ಮೂರನೇ ಸಲ ಹೋದಾಗ ಮೇಷ್ಟ್ರೇ ಕೈ ಮುಗಿದುಬಿಟ್ಟರು. ಆದ್ದರಿಂದ ಪಾಠ ಅಂತ ಏನೂ ನಿರೀಕ್ಷಿಸಬೇಡಿ. ಆದದ್ದನ್ನು ಬರೆಯುತ್ತೇನೆ.

ನಾನಿದ್ದದ್ದು ನ್ಯೂವಾರ್ಕ್ ಏರ್‌ಪೋರ್ಟಿನ ಆಸುಪಾಸಿನ ಒಂದು ಕಾರ್ ಸರ್ವಿಸ್ ಕಂಪನಿಯಲ್ಲಿ. ಮಾಲೀಕನ ಮುಖ ನಾವು ನೋಡಿದ್ದು ಕಡಿಮೆ. ನಮ್ಮ ಪಾಲಿಗೆ ದೇವರು, ಯಮ, ಇಬ್ಬರೂ ಡೋರೀನ್ ಎಂಬ ಹೆಂಗಸು. ಯಾವ ಕಾರು ಎಲ್ಲಿಗೆ ಹೋಗಬೇಕು ಎಂದು ಹೇಳುವವಳು ಅವಳು. ಸಿಗರೇಟು ಸೇದಿ ಸೇದಿ ಗಂಟಲು ಜಲ್ಲಿ ಯಂತ್ರದ ಹಾಗಾಗಿತ್ತು. ಮಂಜುನಾಥ ಎಂಬ ನನ್ನ ಹೆಸರು ಅವಳ ಬಾಯಲ್ಲಿ ಮೊದಲ ಅಕ್ಷರ ದಾಟಲಿಲ್ಲ, "ಮ್ಯಾನ್" ಎಂದು ನಿಂತಿತು. ಕೆಲಸಕ್ಕೆ ಸೇರಿದ ದಿನವೇ ಹೇಳಿದಳು:

"ನೋಡು ಮ್ಯಾನ್, ಹಿಂದಿನ ಸೀಟಿನ ಮಾತಿಗೆ ನಿನಗೆ ಕಿವಿ ಇಲ್ಲ. ಅವರಾಗಿ ಕೇಳಿದರೆ ಬಾಯಿ ಇದೆ. ಆ ಬಾಯಿ ಹವಾಮಾನಕ್ಕೆ ಮಾತ್ರ."

"ಹವಾಮಾನ ಬಿಟ್ಟು ಬೇರೆ ಏನಾದರೂ ಕೇಳಿದರೆ?"

"ನಾಳೆಯ ಹವಾಮಾನ ಹೇಳು."

ಈ ಕೆಲಸದಲ್ಲಿ ಇದಕ್ಕಿಂತ ದೊಡ್ಡ ಬುದ್ಧಿಮಾತು ನನಗೆ ಯಾರೂ ಹೇಳಲಿಲ್ಲ. ನಾನು ಕೇಳಲಿಲ್ಲ, ಅದು ಬೇರೆ.

ಮೊದಲ ವರ್ಷದ ಒಂದು ಅವಾಂತರ. ಹೃದಯದ ಡಾಕ್ಟರುಗಳ ದೊಡ್ಡ ಸಭೆಗೆ ಬರುವ ಒಬ್ಬರನ್ನು ಏರ್‌ಪೋರ್ಟಿನಿಂದ ಮ್ಯಾನ್‌ಹಟನ್‌ಗೆ ಕರೆದೊಯ್ಯಬೇಕಿತ್ತು. ಆಗೆಲ್ಲ ಹೆಸರು ಬರೆದ ರಟ್ಟು ಹಿಡಿದು ನಿಲ್ಲುವ ಕಾಲ. ಕೋಟು ಹಾಕಿದ, ದಪ್ಪ ಮೀಸೆಯ ಒಬ್ಬರು ರಟ್ಟು ನೋಡಿ ನಕ್ಕರು. ನಾನೂ ನಕ್ಕೆ. ಪೆಟ್ಟಿಗೆ ಇಸಕೊಂಡೆ. ದಾರಿಯುದ್ದಕ್ಕೂ ಅವರು ಮಾತಾಡಲಿಲ್ಲ. ದೊಡ್ಡ ಡಾಕ್ಟರು, ಯೋಚನೆಯಲ್ಲಿರಬೇಕು ಅಂದುಕೊಂಡೆ. ಸಭೆಯವರು ಅವರನ್ನು ಮುಂದಿನ ಸಾಲಿನಲ್ಲಿ ಕೂರಿಸಿದರು. ಮಧ್ಯಾಹ್ನ ಗೊತ್ತಾಯಿತು, ಅವರು ಮಗಳ ಮದುವೆಗೆ ಟರ್ಕಿಯಿಂದ ಬಂದ ಕುರಿ ಸಾಕುವವರು, ಇಂಗ್ಲಿಷ್ ಒಂದಕ್ಷರ ಬಾರದು. ನಿಜವಾದ ಡಾಕ್ಟರು ಏರ್‌ಪೋರ್ಟಿನಲ್ಲಿ ರಕ್ತದೊತ್ತಡ ಏರಿಸಿಕೊಂಡು ಕೂತಿದ್ದರು. ಕುರಿಯವರಿಗೆ ಸಭೆಯ ಊಟ ಬಹಳ ಹಿಡಿಸಿತಂತೆ. ಡೋರೀನ್ ಅವತ್ತು ಹೇಳಿದ್ದು ಇಷ್ಟೇ: "ನಕ್ಕವರನ್ನೆಲ್ಲ ಹತ್ತಿಸಿಕೊಳ್ಳಬೇಡ ಮ್ಯಾನ್."

ಆಮೇಲೆ ರಟ್ಟು ಹೋಗಿ ಟ್ಯಾಬ್ಲೆಟ್ ಬಂತು. ತೊಡೆಯ ಮೇಲೆ ಹರಡಿಕೊಳ್ಳುತ್ತಿದ್ದ ಮ್ಯಾಪು ಹೋಗಿ ಫೋನಿನೊಳಗೊಬ್ಬ ಹೆಂಗಸು ಬಂದಳು. ನಾನು ದಾರಿ ತಪ್ಪಿದರೆ ನನ್ನ ಹೆಂಡತಿ ಅರ್ಧ ದಿನ ಮಾತು ಬಿಡುತ್ತಿದ್ದಳು. ಈ ಹೆಂಗಸು ಒಂದು ಚೂರೂ ಬೇಜಾರಿಲ್ಲದೆ ಹೊಸ ದಾರಿ ಹೇಳುತ್ತಾಳೆ. ಆದರೆ ಹುಡುಗರೇ, ಒಂದು ನೆನಪಿಡಿ. ನೀವು ಬೇಕೆಂದೇ ದಾರಿ ತಪ್ಪಿಸಿದರೂ ಅವಳು ಹಾಗೇ ಸಮಾಧಾನವಾಗಿ ಮಾತಾಡುತ್ತಾಳೆ. ಅದನ್ನು ಕ್ಷಮೆ ಅಂತ ತಿಳಿಯಬೇಡಿ.

ಫುಟ್‌ಬಾಲ್ ಕಪ್ಪಿನವರು ಬರುವ ಸುದ್ದಿ ಬಂದಾಗ ನಮ್ಮ ಕಂಪನಿಯಲ್ಲಿ ಹಬ್ಬದ ಕಳೆ. ಹೊಸ ವ್ಯಾನು, ಹೊಸ ಕೋಟು. ಡೋರೀನ್ ನನ್ನ ಕಾಲರ್ ಒಳಗೆ ಬೆರಳು ಹಾಕಿ ಕೊಳೆ ಇದೆಯೇ ಎಂದು ನೋಡಿದಳು. ಅವರು ಮೂರು ದಿನ ಇರುವವರು. ಇಬ್ಬರು ಮುಖ್ಯರು. ಒಬ್ಬರು ಬಹಳ ಎತ್ತರ, ಒಂದು ಕಾಲದಲ್ಲಿ ರೆಫ್ರಿ ಆಗಿದ್ದವರಂತೆ. ಇನ್ನೊಬ್ಬರು ಗುಂಡಗೆ, ಸದಾ ಏನನ್ನಾದರೂ ಅಳೆಯುತ್ತಿದ್ದವರು. ನಿಜವಾದ ಹೆಸರು ನನಗೆ ಉಚ್ಚರಿಸಲು ಬರುತ್ತಿರಲಿಲ್ಲ, ಬಂದರೂ ಇಲ್ಲಿ ಬರೆಯುವುದಿಲ್ಲ. ಮನಸ್ಸಿನಲ್ಲೇ ಉದ್ದಪ್ಪ, ದುಂಡಪ್ಪ ಎಂದು ನಾಮಕರಣ ಮಾಡಿದೆ. ಅವರನ್ನು ನೋಡಿಕೊಳ್ಳಲು ಕಪ್ ಕರೆಸಲು ಓಡಾಡುತ್ತಿದ್ದ ಇಲ್ಲಿನ ಸಮಿತಿಯಿಂದ ಮೇಗನ್ ಎಂಬ ಹುಡುಗಿ, ಕಿವಿಗೆ ತಂತಿ ಸಿಕ್ಕಿಸಿಕೊಂಡು, ಉಸಿರು ಬಿಗಿಹಿಡಿದುಕೊಂಡು.

ಒಂದು ದೇಶವನ್ನು ಆರಿಸುವುದು ಅಂದರೆ ಏನೋ ಮಹಾ ಲೆಕ್ಕಾಚಾರ ಅಂದುಕೊಂಡಿದ್ದೆ. ಮೊದಲ ದಿನವೇ ಗೊತ್ತಾಯಿತು, ಇದು ನಮ್ಮ ಹೆಣ್ಣು ನೋಡುವ ಶಾಸ್ತ್ರ. ಉದ್ದಪ್ಪ ದುಂಡಪ್ಪ ಗಂಡಿನ ಕಡೆಯ ಹಿರಿಯರು. ಮೇಗನ್ ಹೆಣ್ಣಿನ ತಾಯಿ. ಹೆಣ್ಣು, ಜೌಗು ನೆಲದ ನಡುವೆ ಕೂತಿರುವ ಆ ದೊಡ್ಡ ಸ್ಟೇಡಿಯಂ. ಹೆಣ್ಣಿನ ಹಲ್ಲು ಉಬ್ಬಾಗಿದ್ದರೆ ಬಾಯಿ ಮುಚ್ಚಿಸಿ ಕೂರಿಸುವ ಹಾಗೆ, ಸ್ಟೇಡಿಯಂನ ಯಾವ ಬಾಗಿಲು ತೆರೆಯಬಾರದು ಅನ್ನುವುದೆಲ್ಲ ಮೊದಲೇ ನಿರ್ಧಾರವಾಗಿತ್ತು. ಅಲ್ಲಿ ಆಗ ಪ್ಲಾಸ್ಟಿಕ್ ಹುಲ್ಲು. ದುಂಡಪ್ಪ ಮಂಡಿಯೂರಿ ಅದನ್ನು ಮೂಸಿ ನೋಡಿದರು.

"ಕಪ್ ಬರೋ ಹೊತ್ತಿಗೆ ನಿಜವಾದ ಹುಲ್ಲು ಹಾಕಿಸ್ತೀವಿ," ಅಂದಳು ಮೇಗನ್.

ಅಡುಗೆ ಬರುತ್ತಾ ಅಂದರೆ ಮದುವೆ ಹೊತ್ತಿಗೆ ಕಲೀತಾಳೆ ಅನ್ನುತ್ತಾರಲ್ಲ, ಥೇಟ್ ಅದೇ ಧಾಟಿ.

ಆಮೇಲೆ ದುಂಡಪ್ಪ ಕಕ್ಕಸುಗಳನ್ನು ನೋಡಿದರು. ಹೋಟೆಲ್ಲಿನ ದಿಂಬುಗಳನ್ನು ಹಿಸುಕಿದರು. ಹೋಟೆಲಿಂದ ಸ್ಟೇಡಿಯಂಗೆ ಎಷ್ಟು ಹೊತ್ತು ಎಂದು ಗಡಿಯಾರ ಹಿಡಿದರು. ಆ ದಿನ ನಮ್ಮ ವ್ಯಾನಿನ ಮುಂದೆ ಪೊಲೀಸ್ ಬೈಕು, ಹಿಂದೆ ಪೊಲೀಸ್ ಬೈಕು. ಅಂಥ ವೇಗದಲ್ಲಿ ನಾನು ಆ ರಸ್ತೆಯಲ್ಲಿ ಹಿಂದೆಂದೂ ಹೋಗಿರಲಿಲ್ಲ, ಮುಂದೆಯೂ ಹೋಗಲಿಲ್ಲ. ಉಡುಗೊರೆ ವಿಷಯದಲ್ಲಿ ಮಾತ್ರ ಭಾರಿ ಕಟ್ಟುನಿಟ್ಟು. ದುಂಡಪ್ಪ ಕೆಮ್ಮಿದಾಗ ನಾನು ಒಂದು ಪೆಪ್ಪರ್‌ಮಿಂಟ್ ಕೊಡಲು ಹೋದೆ. ಮೇಗನ್ ನನ್ನ ಕೈ ಹಿಡಿದುಬಿಟ್ಟಳು.

"ಪ್ಲೀಸ್, ಏನೂ ಕೊಡಬೇಡಿ. ನಾಳೆ ಯಾರಾದರೂ ಲಂಚ ಅಂತಾರೆ."

ಪೆಪ್ಪರ್‌ಮಿಂಟಿಗೆ ಕಪ್ ಬರುವ ಹಾಗಿದ್ದರೆ ನಮ್ಮ ಭದ್ರಾವತಿಗೆ ಎಂದೋ ಬಂದಿರುತ್ತಿತ್ತು.

ಭದ್ರಾವತಿ ನಮ್ಮ ಊರು. ಅಪ್ಪ ಕಬ್ಬಿಣದ ಕಾರ್ಖಾನೆಯಲ್ಲಿ ಕುಲುಮೆಯ ಮುಂದೆ ನಿಲ್ಲುತ್ತಿದ್ದವರು, ಭಾನುವಾರ ಕಾರ್ಖಾನೆಯ ಟೀಮಿಗೆ ಲೆಫ್ಟ್ ಬ್ಯಾಕ್. ಕ್ವಾರ್ಟರ್ಸಿನ ಮಕ್ಕಳಿಗೆಲ್ಲ ಫುಟ್‌ಬಾಲಿನ ಹುಚ್ಚು. ಆ ಹುಡುಗರ ನಡುವೆ ಫ್ರಾಕು ಸೊಂಟಕ್ಕೆ ಸಿಕ್ಕಿಸಿಕೊಂಡು ಬರಿಗಾಲಲ್ಲಿ ಆಡುತ್ತಿದ್ದ ಒಬ್ಬಳೇ ಹುಡುಗಿ ಲಲಿತಕ್ಕ. ಅವಳು ಚೆಂಡು ತೆಗೆದುಕೊಂಡು ಹೊರಟರೆ ಹುಡುಗರು ಚಡ್ಡಿ ಹಿಡಿದುಕೊಂಡು ದಾರಿ ಬಿಡುತ್ತಿದ್ದರು. ನಾನೂ ಆ ಆಟದಲ್ಲಿದ್ದೆ. ಗೋಲಿಗೆ ಒಂದು ಕಡೆ ಕಲ್ಲು, ಇನ್ನೊಂದು ಕಡೆ ನಾನು. ಗೋಲ್‌ಕೀಪರ್ ಅಲ್ಲ, ಕಂಬ. "ಅಲ್ಲಾಡಬೇಡ ಕಣೋ ಮಂಜ, ನೀನು ಅಲ್ಲಾಡಿದ್ರೆ ಗೋಲು ದೊಡ್ಡದಾಗುತ್ತೆ" ಎಂದು ಅಕ್ಕ ಕೂಗುತ್ತಿದ್ದಳು.

ಅಮ್ಮ ಹಾಸಿಗೆ ಹಿಡಿದಾಗ ಅಕ್ಕ ಸ್ಕೂಲು ಬಿಟ್ಟಳು, ಆಟ ಬಿಟ್ಟಳು, ನನ್ನನ್ನು ಸಾಕಿದಳು. ಅವಳನ್ನು ನೋಡಲು ಬಂದ ಗಂಡಿನವರೆಲ್ಲ ಉಪ್ಪಿಟ್ಟು ಕೇಸರಿಬಾತು ತಿಂದು, "ಊರಿಗೆ ಹೋಗಿ ತಿಳಿಸ್ತೀವಿ" ಎಂದು ಹೋದರು. ಕಡೆಗೆ ಒಪ್ಪಿದವರು ನಮ್ಮ ಭಾವ, ನ್ಯೂಜೆರ್ಸಿಯ ಉಗ್ರಾಣವೊಂದರಲ್ಲಿ ಕೆಲಸದಲ್ಲಿದ್ದವರು. ಇಲ್ಲಿಗೆ ಬಂದ ಮೇಲೆ ಅಕ್ಕ ಶಾಲೆಯೊಂದರ ಕೆಫೆಟೀರಿಯಾದಲ್ಲಿ ಮಕ್ಕಳಿಗೆ ಊಟ ಬಡಿಸುವ ಕೆಲಸಕ್ಕೆ ಸೇರಿದಳು. ತಮ್ಮನಿಗೆ ಅಂತ ಅರ್ಜಿ ಹಾಕಿ, ನನ್ನ ತಲೆ ನರೆಯುವ ಹೊತ್ತಿಗೆ ಕರೆಸಿಕೊಂಡಳು. ನಾನು ಇಲ್ಲಿ ಉಂಡ ಮೊದಲ ತುತ್ತೂ ಅವಳದೇ, ಓಡಿಸಿದ ಮೊದಲ ಕಾರೂ ಅವಳದೇ.

ಕೆಫೆಟೀರಿಯಾದಲ್ಲಿ ಊಟದ ಸಾಲಿನಲ್ಲಿ ನಿಂತ ಹುಡುಗಿಯರ ಜೊತೆ ಅವಳ ಫುಟ್‌ಬಾಲು ಮತ್ತೆ ಶುರುವಾಯಿತು. ಮೊದಲು ಇಬ್ಬರು ಮೂವರು, ಆಮೇಲೆ ಒಂದು ಟೀಮು. ನಮ್ಮವರ ಮಕ್ಕಳು, ಬೇರೆಯವರ ಮಕ್ಕಳು, ಎಲ್ಲರಿಗೂ ಅವಳು ಕೋಚ್ ಆಂಟಿ. ಚೂಡಿದಾರದ ಟಾಪು, ಕೆಳಗೆ ಟ್ರ್ಯಾಕ್ ಪ್ಯಾಂಟು, ಕಾಲಿಗೆ ಮಗನ ಹಳೇ ಶೂ. ಹಳೆಯ ಶಾಲೆಯೊಂದರ ಹಿಂದಿನ ಖಾಲಿ ಮೈದಾನದಲ್ಲಿ ಶನಿವಾರ ಶನಿವಾರ ಆಟ. ಆ ಮೈದಾನವನ್ನು ಟೌನ್‌ಶಿಪ್‌ನವರು, ಅಂದರೆ ಊರಿನ ಆಡಳಿತದವರು, ಮಾರಬೇಕೋ ಉಳಿಸಿಕೊಳ್ಳಬೇಕೋ ಎಂದು ಮೀಟಿಂಗ್ ಮೇಲೆ ಮೀಟಿಂಗ್ ಮಾಡುತ್ತಿದ್ದರು. ಅಕ್ಕ ಪ್ರತಿ ಮೀಟಿಂಗಿಗೂ ಹೋಗಿ, ತನ್ನ ಇಂಗ್ಲಿಷಿನಲ್ಲಿ ಎದ್ದು ನಿಂತು, "ದಿಸ್ ಗ್ರೌಂಡ್, ಗರ್ಲ್ಸ್ ನೀಡ್" ಎಂದು ಹೇಳಿ ಕೂರುತ್ತಿದ್ದಳು.

ಈಗ ನನ್ನ ವಿಷಯಕ್ಕೆ ಬರುತ್ತೇನೆ. ಎರಡನೆಯ ದಿನ ಲಿಂಕನ್ ಟನಲ್ ಒಳಗೆ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡೆವು. ಅವತ್ತು ಪೊಲೀಸ್ ಬೈಕು ಇರಲಿಲ್ಲ. ದುಂಡಪ್ಪ ಹಿಂದಿನಿಂದ ಹೇಳಿದರು, "ಈ ದೇಶದಲ್ಲಿ ಸ್ಟೇಡಿಯಂ ಇದೆ, ದುಡ್ಡಿದೆ. ಫುಟ್‌ಬಾಲ್ ಇಲ್ಲ. ಈ ಡ್ರೈವರನ್ನೇ ಕೇಳಿ, ಕೈಯಲ್ಲಿ ಹಿಡ್ಕೊಂಡು ಓಡೋ ಆಟ ಅಂತಾನೆ."

ಎರಡು ದಿನದಿಂದ ನಾನು ಅಲ್ಲಿ ಇದ್ದೇನೆ ಅನ್ನುವುದು ಅವರಿಗೆ ನೆನಪಾದದ್ದೇ ಆಗ. ಅದೂ ಹೀಗೆ. ನನ್ನ ಮೈಯೆಲ್ಲ ಉರಿಯಿತು. ಉದ್ದಪ್ಪ ಮುಂದಕ್ಕೆ ಬಾಗಿ, ಸ್ವಲ್ಪ ಸಂಕೋಚದಿಂದಲೇ, "ನಿಮಗೆ ಫುಟ್‌ಬಾಲ್ ಗೊತ್ತೇ?" ಎಂದು ಕೇಳಿದರು.

ಸಾಯಂಕಾಲ ಮೋಡ ಬರಬಹುದು ಸಾರ್ ಅಂದಿದ್ದರೆ ಮುಗಿಯುತ್ತಿತ್ತು. ನಾನು ಅಂದೆ: "ನಾನು ಹುಡುಗಿಯರ ಟೀಮಿಗೆ ಕೋಚ್, ಸಾರ್."

ಆಮೇಲೆ ನನ್ನ ಬಾಯಿಗೆ ಬ್ರೇಕೇ ಇರಲಿಲ್ಲ. ಬರಿಗಾಲಲ್ಲಿ ಆಡಿದ್ದು, ಹುಡುಗರು ದಾರಿ ಬಿಟ್ಟದ್ದು, ಊಟದ ಸಾಲಿನಿಂದ ಟೀಮು ಕಟ್ಟಿದ್ದು, ಎಲ್ಲ ನಾನೇ. ಅಕ್ಕನ ಬದುಕನ್ನೆಲ್ಲ ನನ್ನ ಮೈಗೆ ಹಾಕಿಕೊಂಡೆ. ಏನು ಸರಿಯಾಗಿ ಕೂತಿತ್ತು ಅಂತೀರಿ!

"ಸೋತಾಗ ಆ ಮಕ್ಕಳಿಗೆ ಏನು ಹೇಳ್ತೀರಿ?" ಉದ್ದಪ್ಪ ಕೇಳಿದರು.

ಅದಕ್ಕೂ ಅಕ್ಕನ ಮಾತು ಸಿದ್ಧವಾಗಿತ್ತು. "ಗೆದ್ದ ದಿನ ಬೂಟು ಯಾರು ಬೇಕಾದರೂ ಒರೆಸುತ್ತಾರೆ ಸಾರ್. ಸೋತ ದಿನ ಒರೆಸಿದವಳೇ ಆಟಗಾರ್ತಿ ಅಂತೀನಿ."

ಉದ್ದಪ್ಪ ಮೇಗನ್ ಕಡೆ ತಿರುಗಿ, "ನಾಳೆ ಫ್ಲೈಟು ಸಂಜೆಗೆ ತಾನೆ? ಈ ಹುಡುಗಿಯರನ್ನು ನೋಡಬೇಕು" ಅಂದರು. ಮೇಗನ್ ಎರಡು ದಿನದಲ್ಲಿ ಮೊದಲ ಸಲ ಉಸಿರು ಬಿಟ್ಟಳು. ಫೋಟೋ ಚೆನ್ನಾಗಿ ಬರುತ್ತದೆ ಎಂದು ಅವಳ ಮುಖವೇ ಹೇಳುತ್ತಿತ್ತು.

ಅಕ್ಕನಿಗೆ ಫೋನು ಮಾಡಿದೆ. ಒಂದು ಬಿಟ್ಟು ಎಲ್ಲ ಹೇಳಿದೆ.

"ಲೋ ಮಂಜ, ಬೆಳಗ್ಗೆ ಬೆಳಗ್ಗೆ ತಮಾಷೆ ಮಾಡಕ್ಕೆ ನಾನೇ ಸಿಕ್ಕಿದ್ನಾ?"

"ತಮಾಷೆ ಅಲ್ಲ ಅಕ್ಕ. ನಾಳೆ ಮಧ್ಯಾಹ್ನ. ಅವರೇ ಕೇಳಿದ್ರು."

"ಅವರೇ ಕೇಳಿದ್ರಾ?" ಅದರ ಬೆನ್ನಿಗೇ, "ಎಷ್ಟು ಜನ? ಖಾರ ತಿಂತಾರಾ?"

"ಅಕ್ಕ, ಅವರಿಗೆ ಏನೂ ಕೊಡೋ ಹಾಗಿಲ್ಲ. ರೂಲ್ಸು."

"ಮನೆಗೆ ಬಂದೋರಿಗೆ ಉಪ್ಪಿಟ್ಟು ಕೊಡೋದಕ್ಕೆ ಯಾವನದೋ ರೂಲ್ಸು? ಆ ಟೌನ್‌ಶಿಪ್ ಕೌನ್ಸಿಲ್‌ನವನನ್ನೂ ಕರೀತೀನಿ ಕಣೋ. ಈ ವಾರಾನೇ ಮೈದಾನದ್ದು ಮಾರೋದಾ ಬಿಡೋದಾ ಅಂತ ಕೈ ಎತ್ತಿ ಓಟು ಹಾಕ್ತಾರೆ. ಕಪ್ಪಿನೋರೇ ಬಂದು ನೋಡಿದ ಮೈದಾನಾನ ಹ್ಯಾಗೆ ಮಾರ್ತಾನೆ ನೋಡ್ತೀನಿ!"

ಮರುದಿನ ಊಟ ಮುಗಿಸಿ ಹೊರಟೆವು. ಉದ್ದಪ್ಪ ಹಿಂದಿನ ಸೀಟು ಬಿಟ್ಟು ನನ್ನ ಪಕ್ಕದಲ್ಲಿ ಬಂದು ಕೂತರು. ಟರ್ನ್‌ಪೈಕ್ ಅನ್ನುವ ದೊಡ್ಡ ಟೋಲ್ ರಸ್ತೆ ಒರೆಸಿಟ್ಟ ಹಾಗೆ ಖಾಲಿ. ಟರ್ನ್‌ಪೈಕ್ ಖಾಲಿ ಇದ್ದದ್ದನ್ನು ನನ್ನ ಜೀವಮಾನದಲ್ಲಿ ಬೆರಳೆಣಿಕೆಯಷ್ಟು ಸಲ ನೋಡಿದ್ದೇನೆ, ಅದರಲ್ಲಿ ಅದೊಂದು. ಉದ್ದಪ್ಪ ಜೇಬಿಗೆ ಕೈ ಹಾಕಿ ಒಂದು ವಿಷಲ್ ತೆಗೆದರು. ಹಿತ್ತಾಳೆಯದು, ಬಾಯಿ ತಾಗುವ ಕಡೆ ಸವೆದಿತ್ತು. ರೆಫ್ರಿಯಾಗಿದ್ದಾಗ ಊದುತ್ತಿದ್ದದ್ದಂತೆ.

"ನಿಮಗೆ ಕೊಡುವ ಹಾಗಿಲ್ಲ ಅಂತ ಯಾವ ನಿಯಮವೂ ಇಲ್ಲ," ಎಂದು ನಗುತ್ತ ನನ್ನ ಕೊರಳಿಗೆ ಹಾಕಿದರು. "ಕೋಚ್‌ಗೆ. ಇವತ್ತು ಇದನ್ನು ಊದಿ ಹುಡುಗಿಯರನ್ನು ಓಡಿಸಿ. ನಾನು ಗೆರೆಯ ಹೊರಗೆ ನಿಂತು ನೋಡ್ತೀನಿ."

ಅಲ್ಲಿವರೆಗೂ ಹೇಗೋ ನಿಭಾಯಿಸಬಹುದು ಅಂದುಕೊಂಡಿದ್ದೆ. ಆ ಹಿತ್ತಾಳೆ ಎದೆಗೆ ತಣ್ಣಗೆ ತಾಗಿದಾಗ ಗೊತ್ತಾಯಿತು, ಆಗುವುದಿಲ್ಲ. ಸಿಗ್ನಲ್ ಹತ್ತಿರ ಬಂತು. ಎಡಗಡೆ ಮರಗಳ ಸಂದಿಯಲ್ಲಿ, ಗೊತ್ತಿದ್ದು ನೋಡುವವರಿಗೆ ಮಾತ್ರ, ಮೈದಾನ ಕಾಣುತ್ತದೆ. ಕಿತ್ತಳೆ ಬಣ್ಣದ ಕೋನುಗಳು. ಸಾಲಾಗಿ ನಿಂತ ಹುಡುಗಿಯರು. ಬಿಳಿ ಬಟ್ಟೆ ಹಾಸಿದ ಟೇಬಲ್ಲು, ಮೇಲೆ ಅಲ್ಯುಮಿನಿಯಂ ಟ್ರೇಗಳು: ಉಪ್ಪಿಟ್ಟು, ಕೇಸರಿಬಾತು. ಅಕ್ಕ ಹಣೆಗೆ ಕೈ ಅಡ್ಡ ಹಿಡಿದು ರಸ್ತೆ ನೋಡುತ್ತಿದ್ದಳು. ನಾವು ಇಳಿದ ತಕ್ಷಣ ಅವಳು ಏನು ಹೇಳುತ್ತಾಳೆಂದು ನನಗೆ ಅಕ್ಷರ ಅಕ್ಷರ ಗೊತ್ತಿತ್ತು: "ಐ ಕೋಚ್. ದಿಸ್ ಮೈ ಬ್ರದರ್, ಡ್ರೈವರ್." ಅಷ್ಟಕ್ಕೆ ಬಿಡುವವಳೂ ಅಲ್ಲ. ನಾನು ಕಂಬವಾಗಿದ್ದ ಕತೆ ಹೇಳಿ ನಗಿಸದೆ ಅವಳು ಯಾರಿಗೂ ನನ್ನ ಪರಿಚಯ ಮಾಡಿಸಿದ್ದೇ ಇಲ್ಲ.

ಬಲಕ್ಕೆ ತಿರುಗಬೇಕಿತ್ತು. ನೇರ ಹೋದೆ.

"ತಪ್ಪಿಸಿದಿರಾ?" ಅಂದಳು ಮೇಗನ್. ನಾನು ಫೋನು ನೋಡಿದ ಹಾಗೆ ಮಾಡಿ, "ಈಗ ಸುದ್ದಿ ಬಂತು, ಶಾಲೆಯವರು ಮೈದಾನ ಮುಚ್ಚಿದ್ದಾರೆ. ಹುಡುಗಿಯರನ್ನು ಮನೆಗೆ ಕಳಿಸಿಬಿಟ್ಟಿದ್ದಾರೆ" ಅಂದೆ. ಫೋನಿನೊಳಗಿನ ಹೆಂಗಸು ಮಾತ್ರ ಪಾಪ, ಮುಂದಿನ ಸಿಗ್ನಲ್ಲಿನಲ್ಲಿ ಹಿಂದಕ್ಕೆ ತಿರುಗಿ, ಅದರ ಮುಂದಿನದರಲ್ಲಿ ತಿರುಗಿ ಎಂದು ಹೇಳುತ್ತಲೇ ಇದ್ದಳು. ಅವಳ ಬಾಯಿ ಮುಚ್ಚಿಸಿದೆ.

ಅವರನ್ನು ಎಡಿಸನ್‌ನ ಒಂದು ನಮ್ಮವರ ಹೋಟೆಲಿಗೆ ಕರೆದುಕೊಂಡು ಹೋದೆ. ಪೇಪರ್ ದೋಸೆ ಬಂದಾಗ ದುಂಡಪ್ಪ ಎದ್ದು ನಿಂತು ಅದರ ಉದ್ದ ಅಳೆದರು. ಇಡೀ ಪ್ರವಾಸದಲ್ಲಿ ಆ ಮನುಷ್ಯ ಸಂತೋಷಪಟ್ಟದ್ದು ಅಲ್ಲೊಂದೇ ಕಡೆ. ಅವರವರ ದುಡ್ಡು ಅವರವರೇ ಕೊಟ್ಟರು, ಮೇಗನ್ ನೋಡಿಕೊಂಡಳು. ಉದ್ದಪ್ಪ ಹೆಚ್ಚು ತಿನ್ನಲಿಲ್ಲ. "ಹುಡುಗಿಯರನ್ನು ನೋಡಬೇಕಿತ್ತು" ಅಂದರು.

ಕೈ ತೊಳೆಯುವ ಜಾಗದಲ್ಲಿ ಫೋನು ಹೊಡೆದುಕೊಂಡಿತು.

"ಎಲ್ಲಿದ್ದೀಯೋ?"

"ಟರ್ನ್‌ಪೈಕ್ ಅಕ್ಕ. ಜಾಮ್ ಆಗಿದೆ. ಟ್ರಕ್ ಮಗುಚಿದೆ."

ಸುಳ್ಳು ಹೇಳುವವನಿಗೆ ಅಲ್ಲಿಗೆ ನಿಲ್ಲಿಸುವುದು ಗೊತ್ತಿರಬೇಕು. ನನಗೆ ಗೊತ್ತಿರಲಿಲ್ಲ. "ಹಾಲಿನ ಟ್ರಕ್ಕು. ರಸ್ತೆ ತುಂಬ ಹಾಲು" ಅಂದೆ.

"ಅಯ್ಯೋ ದೇವರೇ. ಆ ಡ್ರೈವರ್‌ಗೆ ಏನೂ ಆಗಿಲ್ವಲ್ಲ?"

"ಇಲ್ಲ ಅಕ್ಕ."

"ಸದ್ಯ. ಹೋಗ್ಲಿ ಬಿಡು, ನಿನ್ನ ಕೈಲಿ ಏನಿದೆ. ನೀನು ಏನಾದ್ರೂ ತಿಂದ್ಯೇನೋ?"

ನನ್ನ ಕೈಯಲ್ಲಿ ಸಾಂಬಾರ್ ಇತ್ತು.

ಆಮೇಲೆ ಅಲ್ಲಿ ನಡೆದದ್ದು ನನಗೆ ಅಕ್ಕನಿಂದಲೇ ಗೊತ್ತಾಯಿತು. ಕೌನ್ಸಿಲ್‌ನವನು ಗಡಿಯಾರ ನೋಡಿ ನೋಡಿ, ಕೇಸರಿಬಾತು ತಿಂದು, "ಇನ್ನೊಂದ್ಸಲ ನೋಡೋಣ ಮೇಡಂ" ಎಂದು ಮುಗುಳ್ನಕ್ಕು ಹೋದ. ನಿಧಿ ಎಂಬ ಹುಡುಗಿ, ಟೀಮಿನಲ್ಲೇ ಚುರುಕಾದವಳು, "ಕೋಚ್ ಆಂಟಿ, ದೇ ಆರ್ ನಾಟ್ ಕಮಿಂಗ್" ಅಂದಳಂತೆ. "ಟ್ರಾಫಿಕ್ ಕಣಮ್ಮ" ಅಂದಳಂತೆ ಅಕ್ಕ. ಕತ್ತಲಾಗುವ ಹೊತ್ತಿಗೆ ಹುಡುಗಿಯರನ್ನು ಹುಲ್ಲಿನ ಮೇಲೆ ಕೂರಿಸಿ, "ಆಡದೆ ಸೋತಿದ್ದೂ ಸೋಲೇ, ಬೂಟು ಒರೆಸಿ" ಎಂದು ಒರೆಸಿ ಕಳಿಸಿದಳಂತೆ. ಆ ವಾರ ಕೌನ್ಸಿಲ್‌ನವರು ಮಾರುವುದಕ್ಕೇ ಕೈ ಎತ್ತಿದರು. ಮೀಟಿಂಗಿನಲ್ಲಿ ಯಾರೋ, "ಕಪ್ಪಿನವರು ಬಂದಿದ್ದರಾ ಮೇಡಂ?" ಎಂದು ಕೇಳಿ ನಕ್ಕರಂತೆ. ಮೈದಾನ ಹೋಯಿತು. ಬೇರೆ ಮೈದಾನ ದೂರ, ಕರೆದೊಯ್ಯಲು ಅಪ್ಪ ಅಮ್ಮಂದಿರಿಗೆ ಪುರಸೊತ್ತಿಲ್ಲ. ಒಬ್ಬೊಬ್ಬರೇ ಕರಗಿ ಟೀಮೂ ಹೋಯಿತು.

ಡೋರೀನ್ ಒಬ್ಬಳಿಗೆ ನಿಜ ಹೇಳಿದ್ದೆ. ಅವಳು ಸಿಗರೇಟಿನ ಹೊಗೆ ಪೂರ್ತಿ ಬಿಟ್ಟಳು.

"ಹವಾಮಾನ, ಮ್ಯಾನ್. ಹವಾಮಾನ ಅಂದಿದ್ದೆ."

"ಗೊತ್ತು."

"ಅಕ್ಕನಿಗೆ ಹೇಳು."

"ನಾಳೆ ಹೇಳ್ತೀನಿ."

ಡೋರೀನ್ ಕೆಲಸ ಬಿಟ್ಟು ಫ್ಲೋರಿಡಾಕ್ಕೆ ಹೋಗುವ ದಿನವೂ ಕೇಳಿದಳು. ಅವತ್ತೂ ನಾಳೆಯೇ ಆಗಿತ್ತು.

ಕಪ್ ಈ ಕಡೆಗೇ ಎಂದು ತೀರ್ಮಾನವಾಯಿತು. ಯಾಕೆ ಎಂದು ಟಿವಿಯವರು ಬೇಕಾದಷ್ಟು ಹೇಳಿದರು. ದೋಸೆಯ ಹೆಸರು ಯಾರೂ ಎತ್ತಲಿಲ್ಲ. ಅಕ್ಕನಿಗೆ ಮಾತ್ರ ಆ ದಿನ ಒಂದು ಕತೆಯಾಗಿ ಉಳಿಯಿತು. ಯಾರ ಮನೆಯ ಗೃಹಪ್ರವೇಶವಿರಲಿ, ಸೀಮಂತವಿರಲಿ, ಫುಟ್‌ಬಾಲ್ ಮಾತು ಬಂದರೆ ಶುರು: "ನಮ್ಮ ಮೈದಾನಕ್ಕೂ ಬರೋರಿದ್ರು ಕಣ್ರೀ. ನನ್ನ ತಮ್ಮಾನೇ ಕರ್ಕೊಂಡು ಬರ್ತಿದ್ದ. ಹಾಲಿನ ಟ್ರಕ್ ಮಗುಚಿ..." ಸಲದಿಂದ ಸಲಕ್ಕೆ ಹಾಲು ಹೆಚ್ಚಾಯಿತು. ಒಂದು ಸಲ ಪೊಲೀಸಿನವರ ಬೂಟು ಮುಳುಗಿತು. ಇನ್ನೊಂದು ಸಲ ಬಾತುಕೋಳಿಗಳೇ ಬಂದುಬಿಟ್ಟವು. ಜನ ಬಿದ್ದು ಬಿದ್ದು ನಗುತ್ತಿದ್ದರು. ಕೊನೆಯಲ್ಲಿ ಅವಳು ಯಾವಾಗಲೂ ನನ್ನ ಬೆನ್ನು ಸವರಿ, "ಪಾಪ, ಇವನು ಅಲ್ಲೇ ಸಿಕ್ಕಿಹಾಕ್ಕೊಂಡು ಒದ್ದಾಡಿದ" ಅನ್ನುತ್ತಿದ್ದಳು. ನಾನು ಹೌದು ಎಂದು ತಲೆಯಾಡಿಸುತ್ತಿದ್ದೆ. ಗೋಲ್‌ಕಂಬವಾಗಿದ್ದಾಗಲೂ ನಾನು ಅಷ್ಟು ನೆಟ್ಟಗೆ ನಿಂತಿರಲಿಲ್ಲ.

ವರ್ಷಗಳ ಮೇಲೆ ಆ ಕಪ್ ಇನ್ನೇನು ಇಲ್ಲಿ ಶುರುವಾಗಬೇಕು ಅನ್ನುವಾಗ, ಹಿಲ್ಸ್‌ಬರೋದಲ್ಲಿರುವ ಅಕ್ಕನ ಮಗನ ಮನೆಯಲ್ಲಿ ಭಾನುವಾರದ ಊಟ ಮುಗಿಸಿ ಟಿವಿ ಮುಂದೆ ಕೂತಿದ್ದೆವು. ಅಕ್ಕನ ಮಂಡಿ ಈಗ ಮಡಚುವುದಿಲ್ಲ, ಕಾಲನ್ನು ಸ್ಟೂಲಿನ ಮೇಲೆ ಚಾಚಿಕೊಂಡಿದ್ದಳು. ಪರದೆಯ ಮೇಲೆ ಉದ್ದಪ್ಪ ಬಂದರು. ಮುದುಕರಾಗಿದ್ದರು, ಸ್ವಲ್ಪ ಗಿಡ್ಡವೂ ಆಗಿದ್ದರು. ಈ ದೇಶದಲ್ಲಿ ಫುಟ್‌ಬಾಲ್ ಇದೆ ಅಂತ ನಿಮಗೆ ಯಾವಾಗ ಅನ್ನಿಸಿತು ಎಂದು ಯಾರೋ ಕೇಳಿದರು. ನ್ಯೂಜೆರ್ಸಿಯಲ್ಲಿ ಹುಡುಗಿಯರ ಕೋಚ್ ಒಬ್ಬರು ಒಂದು ಮಾತು ಹೇಳಿದರು ಎಂದು, ಬೂಟು ಒರೆಸುವ ಮಾತನ್ನು ಹಾಗೇ ಒಪ್ಪಿಸಿದರು.

ಅಕ್ಕ ನೆಟ್ಟಗೆ ಕೂತಳು. "ಲೋ ಮಂಜ! ಕೇಳಿದ್ಯೇನೋ? ನಾನು ಹೇಳೋದನ್ನೇ ಹೇಳ್ತಾನೆ!"

ನಾನು ಲೋಟದೊಳಗೆ ನೋಡುತ್ತಿದ್ದೆ.

"ನನ್ನಂಥೋಳೇ ಯಾವಳೋ ಇದಾಳೆ ಕಣೋ ಇಲ್ಲಿ," ಎಂದು ಅವಳು ನಕ್ಕಳು. ಆಮೇಲೆ ಸಣ್ಣ ದನಿಯಲ್ಲಿ, "ಅವಳ ಹುಡುಗೀರನ್ನಾದ್ರೂ ಹೋಗಿ ನೋಡಿದ್ನಲ್ಲ, ಪುಣ್ಯಾತ್ಮ" ಅಂದಳು.

ಅವಳನ್ನು ಸಮರ್‌ಸೆಟ್‌ನ ಮನೆಗೆ ಬಿಡಲು ನಾನೇ ಹೊರಟೆ. ಬಿಸಿಲಿತ್ತು. ಅಕ್ಕ ದಾರಿಯುದ್ದಕ್ಕೂ ಆ ಇನ್ನೊಬ್ಬ ಕೋಚ್ ಯಾರಿರಬಹುದು ಎಂದು ಯೋಚಿಸುತ್ತಿದ್ದಳು. ಆ ಸಿಗ್ನಲ್ ಬಂತು. ಅವಳ ಮನೆಗೆ ನೇರ ಹೋಗಬೇಕು. ನಾನು ಬಲಕ್ಕೆ ತಿರುಗಿದೆ, ಹೂಜಿಯ ಹಿಡಿ ಸುತ್ತಿದೆ, ಹೈವೇ ದಾಟಿದೆ. ಈಗ ಅಲ್ಲಿ ಹಲ್ಲಿನ ಡಾಕ್ಟರುಗಳ ಕಟ್ಟಡ, ಮುಂದೆ ಪಾರ್ಕಿಂಗ್ ಲಾಟ್. ಭಾನುವಾರವಾದ್ದರಿಂದ ಖಾಲಿ. ಹಳದಿ ಗೆರೆಗಳ ನಡುವೆ ಕಾರು ನಿಲ್ಲಿಸಿದೆ.

"ಇಲ್ಲಿಗ್ಯಾಕೋ? ನನಗೆ ಹಲ್ಲು ನೋವಿಲ್ಲ."

ಕಾರಿನ ಗೂಡಿನಿಂದ ವಿಷಲ್ ತೆಗೆದು ಅವಳ ಮಡಿಲಲ್ಲಿ ಇಟ್ಟೆ. ಅವಳು ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು. ಬಾಯಿ ತಾಗುವ ಕಡೆ ಹೆಬ್ಬೆರಳು ಆಡಿಸಿದಳು.

"ಯಾರದೋ ಇದು?"

"ನಿಂದು ಅಕ್ಕ. ಟಿವಿಲಿ ಬಂದ್ನಲ್ಲ, ಅವನು ಕೋಚ್‌ಗೆ ಅಂತ ಕೊಟ್ಟಿದ್ದು. ಆ ಕೋಚ್ ನಾನೇ ಅಂತ ಅವನಿಗೆ ಹೇಳಿದ್ದೆ. ನಿನ್ನ ಆಟ, ನಿನ್ನ ಹುಡುಗೀರು, ನಿನ್ನ ಮಾತು, ಎಲ್ಲ ನಂದು ಅಂದಿದ್ದೆ. ಅವತ್ತು ಟರ್ನ್‌ಪೈಕ್ ಖಾಲಿ ಇತ್ತು. ಹಾಲಿನ ಟ್ರಕ್ಕೂ ಇರಲಿಲ್ಲ, ಹಾಲೂ ಇರಲಿಲ್ಲ. ಆ ಸಿಗ್ನಲ್‌ವರೆಗೂ ಅವರನ್ನ ಕರ್ಕೊಂಡು ಬಂದಿದ್ದೆ ಅಕ್ಕ. ನೀನು ಹಣೆಗೆ ಕೈ ಇಟ್ಕೊಂಡು ರಸ್ತೆ ನೋಡ್ತಾ ನಿಂತಿದ್ದೆ. ನಾನು ನೋಡಿದೆ. ನೋಡಿನೂ ತಿರುಗಲಿಲ್ಲ. ತಪ್ಪಾಯ್ತು ಅಕ್ಕ."